ಒಂದು ಗಂಟೆ ಐದು ನಿಮಿಷ

ಮೂರು ದಿನ ಆ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಸಾವಿನ ಮನೆಗೆ ಊಟ ತರುವುದು ನೆರೆಯವರ ಕೆಲಸ. ತಂದರು, ಬಡಿಸಿದರು, ಮೂರನೆಯ ಸಂಜೆ ತಮ್ಮ ತಮ್ಮ ಪಾತ್ರೆಗಳನ್ನು ಗುರುತು ಹಿಡಿದು ಎತ್ತಿಕೊಂಡು ಹೋದರು. ನಾಲ್ಕನೆಯ ಬೆಳಗ್ಗೆ ಹಿಟ್ಟು ಯಾರು ಕಲಸಬೇಕು ಎಂದು ಯಾರೂ ಹೇಳಲಿಲ್ಲ. ಸೊಸೆ ವಿಯಾಮ್ ಅಂಗಿಯ ತೋಳು ಮೇಲಕ್ಕೆ ಮಡಿಸಿ ಹಿಟ್ಟಿನ ಮುಂದೆ ಕೂತಳು. ಗಂಡ ತೀರಿಕೊಂಡವಳ ಶೋಕದ ಅವಧಿ, ಇದ್ದತ್ತು, ಮುಗಿಯುವವರೆಗೆ, ನಾಲ್ಕು ತಿಂಗಳು ಹತ್ತು ದಿನ, ಬಿಳಿ ಬಟ್ಟೆ. ಹಿಟ್ಟು ಬಿದ್ದರೂ ಕಾಣುತ್ತಿರಲಿಲ್ಲ.

ನಾಲ್ಕು ರೊಟ್ಟಿ ತಟ್ಟಿ ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿದಳು. ನಾದಿನಿ ಶೈಮಾ ಅದನ್ನು ಬೀದಿಯ ಕೊನೆಯ ಒಲೆಮನೆಗೆ ಒಯ್ದು ಬೇಯಿಸಿಕೊಂಡು ಬಂದಳು. ಆಲಿವ್ ಎಣ್ಣೆ, ಪುದೀನಾ ಚಹಾ, ಬಿಸಿ ರೊಟ್ಟಿ. ಮಾವ ಹಾಜ್ ತುಹಾಮಿ ಬಿಸ್ಮಿಲ್ಲಾ ಎಂದು ಕೈ ಹಾಕಿದರು. ಅತ್ತೆ ಹನಿಯಾ ಒಂದು ಚೂರು ಮುರಿದು, ಎಣ್ಣೆಯಲ್ಲಿ ಅದ್ದುವ ಮೊದಲು ಕೇಳಿದಳು.

"ಯಾರು ಕಲಸಿದ್ದು?"

"ಯಾರೋ ಕಲಸಿದ್ದು ಬಿಡು ಯಿಮ್ಮಾ," ಎಂದಳು ಶೈಮಾ ತಾಯಿಗೆ. "ತಿನ್ನು."

"ಕೇಳಿದ್ದಕ್ಕೆ ಉತ್ತರ ಹೇಳು."

"ನಾನು, ಲಲ್ಲಾ," ಎಂದಳು ವಿಯಾಮ್. ಅತ್ತೆಯನ್ನು ಅವಳು ಗೌರವದಿಂದ ಹಾಗೇ ಕರೆಯುತ್ತಿದ್ದಳು.

ಹನಿಯಾ ಚೂರನ್ನು ರೊಟ್ಟಿಯ ಪಕ್ಕದಲ್ಲೇ ಇಟ್ಟಳು. "ಶೈಮಾ, ಅಂಗಡಿಯಿಂದ ಒಂದು ರೊಟ್ಟಿ ತಗೊಂಡು ಬಾ."

"ಅಂಗಡಿದು ಮರದ ಪುಡಿ ಥರ ಇರುತ್ತೆ ಅಂತ ನೀನೇ ಬೈತಿದ್ದೆ."

"ಮರದ ಪುಡೀನೇ ತಿಂತೀನಿ. ಆ ಟಿಕೆಟ್ ಒತ್ತಿದ ಬೆರಳಿನ ರೊಟ್ಟಿ ನನಗೆ ಬೇಡ."

ಹಾಜ್ ಅಗಿಯುವುದನ್ನು ನಿಲ್ಲಿಸಿದರು. ಏನೋ ಹೇಳುತ್ತಾರೆ ಎಂದು ವಿಯಾಮ್ ಕಾದಳು. ಅವರು ಚಹಾ ಕುಡಿದರು.

ಆ ಟಿಕೆಟ್ಟಿನ ಕಥೆ ನಾಲ್ವರಿಗೂ ಗೊತ್ತಿತ್ತು. ವಿಯಾಮಳ ಗಂಡ ತೌಫೀಕನಿಗೆ ಕೆನಡಾದಲ್ಲಿ ಬೆಸುಗೆಯ ಕೆಲಸ ಸಿಕ್ಕಿತ್ತು. ಸೋಮವಾರ ಹಾಜರಾಗಬೇಕು. ಕ್ಯಾಲೆಂಡರಿನ ಪ್ರಕಾರ ರಂಜಾನ್ ಹಬ್ಬ ಶುಕ್ರವಾರ. ಹಬ್ಬ ಮುಗಿಸಿ ಶನಿವಾರ ನಸುಕಿಗೆ ಹೊರಡಲಿ ಎಂದು ಒಂದು ತಿಂಗಳ ಮೊದಲೇ ಟಿಕೆಟ್ ಮಾಡಿಟ್ಟಿದ್ದರು. ಫೆಸ್ ಊರಿನಿಂದ ಫ್ರಾನ್ಸಿಗೆ ಒಂದು ವಿಮಾನ, ಅಲ್ಲಿಂದ ಕೆನಡಾಕ್ಕೆ ಇನ್ನೊಂದು, ನಡುವೆ ಏಳು ಗಂಟೆ ಬಿಡುವು. ಆದರೆ ಗುರುವಾರ ಸಂಜೆ ಚಂದ್ರ ಕಾಣಲಿಲ್ಲ. ಟಿವಿಯಲ್ಲಿ ಘೋಷಣೆಯಾಯಿತು: ನಾಳೆಯೂ ಉಪವಾಸ, ಹಬ್ಬ ಶನಿವಾರ. ಹರೀರಾ ಸಾರಿನ ಬಟ್ಟಲುಗಳು ಇನ್ನೂ ಮೇಜಿನ ಮೇಲಿದ್ದವು.

"ಹಬ್ಬದ ದಿನ ಕತ್ತಲಲ್ಲಿ ಕಳ್ಳನ ಹಾಗೆ ಮನೆ ಬಿಡ್ತಾನಾ?" ಎಂದು ಹನಿಯಾ ಎದ್ದಳು. "ಅಪ್ಪನ ಪಕ್ಕ ನಿಂತು ನಮಾಜು ಮಾಡೋದು ಬೇಡವಾ? ನನ್ನ ಕೈಯಿಂದ ಒಂದು ತುತ್ತು ತಿಂದು ಹೋಗೋದು ಬೇಡವಾ? ಇನ್ನು ಎಷ್ಟು ವರ್ಷಕ್ಕೆ ಬರ್ತಾನೋ!"

ಭಾನುವಾರ ಜಾಗ ಇರಲಿಲ್ಲ. ಶನಿವಾರ ಮಧ್ಯಾಹ್ನದ ವಿಮಾನದಲ್ಲಿ ಇತ್ತು. "ಇದರಲ್ಲಿ ನಡುವೆ ಒಂದು ಗಂಟೆ ಐದು ನಿಮಿಷ ಅಷ್ಟೇ ಸಿಗುತ್ತೆ," ಎಂದಿದ್ದಳು ವಿಯಾಮ್. ಭೂಗೋಳದಲ್ಲಿ ಪದವಿ ಮಾಡಿದವಳು ಎಂದು ಇಂಥ ಕೆಲಸವೆಲ್ಲ ಆ ಮನೆಯಲ್ಲಿ ಅವಳ ಪಾಲಿಗೆ ಬರುತ್ತಿತ್ತು.

ಹಾಜ್ ನಕ್ಕಿದ್ದರು. ಮೂವತ್ತೊಂದು ವರ್ಷ ಸೀದಿ ಕಾಸಿಂ ರೈಲು ಜಂಕ್ಷನ್ನಿನಲ್ಲಿ ಕೆಲಸ ಮಾಡಿದವರು. "ಹಿಂದಿನ ಗಾಡಿ ತಡವಾದ್ರೆ ಮುಂದಿನದು ಕಾಯುತ್ತೆ ಮಗಳೇ. ಒಳಗೆ ಬರೋರು ಯಾರು ಅಂತ ಅವರ ಹತ್ರ ಪಟ್ಟಿ ಇರುತ್ತೆ. ನಾನು ಎಷ್ಟು ಸಲ ತಡೆದು ನಿಲ್ಲಿಸಿದ್ದೀನಿ."

"ಕಾಯದಿದ್ರೆ ಓಡ್ತೀನಿ," ಎಂದಿದ್ದ ತೌಫೀಕ್. "ಯಿಮ್ಮಾ ಊಟ ಹಾಕ್ತಾಳಲ್ಲ, ಶಕ್ತಿ ಇರುತ್ತೆ."

ಮೊದಲ ವಿಮಾನ ಇಪ್ಪತ್ತು ನಿಮಿಷ ತಡವಾಗಿ ಇಳಿಯಿತು. ಅವನು ಓಡಿದ. ಎರಡನೆಯ ವಿಮಾನದ ಬಾಗಿಲಿಗೆ ಇನ್ನೂ ಒಂದು ಉದ್ದ ಹಜಾರ ಇರುವಾಗ ಬಿದ್ದ. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು ಎಂದು ಅಲ್ಲಿನ ವೈದ್ಯರು ಬರೆದರು. ಮೂವತ್ಮೂರು ವರ್ಷ ಅದು ಯಾರಿಗೂ ಗೊತ್ತಾಗಿರಲಿಲ್ಲ. ಒಂಬತ್ತು ದಿನಕ್ಕೆ ಶವ ಬಂತು.

ಶೋಕಕ್ಕೆ ಬಂದ ಹೆಂಗಸರ ಮುಂದೆ ಮೂರು ದಿನವೂ ಹನಿಯಾ ಒಂದೇ ಮಾತು ಹೇಳಿದಳು. "ಓದಿದ ಸೊಸೆ ಅಂತ ಎಲ್ಲಾ ಅವಳ ಕೈಗೆ ಕೊಟ್ಟೆ. ಮಗ ಉಸಿರು ಬಿಡೋಕೂ ಹೊತ್ತಿಲ್ಲದ ಟಿಕೆಟ್ ತಗೊಂಡಳು." ಬೆಳಗಿನ ಟಿಕೆಟ್ಟಿನ ವಿಷಯ ಹೇಳಲಿಲ್ಲ. ಹೆಂಗಸರು ವಿಯಾಮಳ ಕಡೆ ತಿರುಗಿ ನೋಡಿ, ಮತ್ತೆ ಹನಿಯಾಳ ಕೈ ಹಿಡಿದರು.

ವಿಯಾಮಳಿಗೆ ಮಕ್ಕಳಿರಲಿಲ್ಲ. ಇದ್ದತ್ತು ಮುಗಿದ ಮೇಲೆ ತಾಜಾ ಊರಿನಲ್ಲಿರುವ ಅಣ್ಣನ ಮನೆಗೆ ಹೋಗಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಅವಳ ತಕರಾರಿರಲಿಲ್ಲ. ಅಷ್ಟರೊಳಗೆ ಆ ಬಾಯಿಂದ ಒಂದು ಮಾತು ಬೇಕಿತ್ತು: ಟಿಕೆಟ್ ಬದಲಿಸು ಅಂದವಳು ನಾನು. ಅಷ್ಟೇ. ಗಟ್ಟಿಯಾಗಿಯೂ ಬೇಡ, ಹೆಂಗಸರ ಮುಂದೆಯೂ ಬೇಡ.

ಅವಳು ದಿನವೂ ಕಲಸಿದಳು. ಹನಿಯಾ ದಿನವೂ ಅಂಗಡಿಯ ರೊಟ್ಟಿ ತಿಂದಳು.

ಎರಡನೆಯ ವಾರಕ್ಕೆ ಒಲೆಯ ಮೇಲೆ ಎರಡು ಪಾತ್ರೆ ಬಂದವು. ದೊಡ್ಡದರಲ್ಲಿ ವಿಯಾಮ್ ಬೇಯಿಸಿದ ಅಲಸಂದೆ, ಸಣ್ಣದರಲ್ಲಿ ಹನಿಯಾ ಬೇಯಿಸಿಕೊಂಡ ಅದೇ ಅಲಸಂದೆ. ಹಾಜ್ ಎರಡರಿಂದಲೂ ಒಂದೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು.

"ಇಬ್ಬರು ಹೆಂಡಿರನ್ನ ಕಟ್ಟಿಕೊಂಡವನೂ ಇಷ್ಟು ಹೆದರಿ ಉಣ್ಣಲ್ಲ," ಎಂದರು ಒಂದು ದಿನ.

ಶೈಮಾ ನಕ್ಕಳು. ಬೇರೆ ಯಾರೂ ನಗಲಿಲ್ಲ.

"ಉಪ್ಪು ಯಾವುದರಲ್ಲಿ ಸರಿ ಇದೆ?" ಎಂದು ಹನಿಯಾ ಕೇಳಿದಳು.

"ಎರಡರಲ್ಲೂ ಇಲ್ಲ," ಎಂದರು ಹಾಜ್.

ಅದು ನಿಜವೇ ಆಗಿತ್ತು.

ಹಾಜ್ ಬೆಳಗ್ಗೆ ಚಹಾ ಕುಡಿದು ರೈಲು ನಿಲ್ದಾಣಕ್ಕೆ ಹೋಗುತ್ತಿದ್ದರು. ನಿವೃತ್ತಿಯಾದ ಮೇಲೂ ವಾರಕ್ಕೊಮ್ಮೆ ಹೋಗುವ ರೂಢಿಯಿತ್ತು, ಈಗ ದಿನವೂ. ಪೂರ್ವದಿಂದ ಬರುವ ಗಾಡಿಯಿಂದ ಜನ ಇಳಿದು ಉತ್ತರಕ್ಕೆ ಹೋಗುವ ಗಾಡಿಗೆ ಓಡುವುದನ್ನು ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಮೂರನೆಯ ವಾರ ಒಂದು ದಿನ ಊಟದ ಹೊತ್ತಿಗೆ ಬಂದವರು ಹಜಾರಕ್ಕೆ ಹೋಗದೆ ನೇರ ಅಡಿಗೆಮನೆಗೆ ಬಂದರು. ವಿಯಾಮ್ ಈರುಳ್ಳಿ ಹೆಚ್ಚುತ್ತಿದ್ದಳು.

"ಮಗಳೇ, ನಿಲ್ದಾಣದ ಕಚೇರಿ ಹುಡುಗನ್ನ ಕೇಳಿದೆ. ಹಿಂದಿನ ಗಾಡಿ ತಡ ಆದ್ರೆ ಮುಂದಿನದನ್ನ ಈಗಲೂ ತಡೀತೀರಾ ಅಂತ."

"ಏನಂದ?"

"ಇಲ್ಲವಂತೆ. ತಡೆಯೋದು ಬಿಟ್ಟು ಆರು ವರ್ಷ ಆಯ್ತಂತೆ. ಹೊತ್ತಾದ ಕೂಡಲೇ ಬಾಗಿಲು ತಾನೇ ಮುಚ್ಚಿಕೊಳ್ಳುತ್ತಂತೆ." ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಆರು ವರ್ಷದಿಂದ ಆ ಬೆಂಚಿನ ಮೇಲೆ ಕೂತಿದ್ದೀನಿ. ನನಗೆ ಗೊತ್ತಿರಲಿಲ್ಲ. ರೈಲೇ ಕಾಯಲ್ಲ ಅಂದ್ರೆ ವಿಮಾನ ಕಾಯುತ್ತಾ?"

"ಕೂತ್ಕೊಳ್ಳಿ ಹಾಜ್. ಊಟ ಹಾಕ್ತೀನಿ."

"ಕಾಯುತ್ತೆ ಅಂತ ಹೇಳಿದವನು ನಾನು."

"ಹೌದು," ಎಂದಳು ವಿಯಾಮ್.

ಇಲ್ಲ ಎನ್ನಬಹುದಿತ್ತು. ಅವಳಿಗೆ ಆಗಲಿಲ್ಲ. ಹಾಜ್ ತಲೆಯಾಡಿಸಿದರು, ಹಜಾರಕ್ಕೆ ಹೋಗಿ ಕೂತರು. ಮರುದಿನದಿಂದ ನಿಲ್ದಾಣಕ್ಕೆ ಹೋಗುವುದನ್ನು ಬಿಟ್ಟರು. ಮನೆಯಲ್ಲೇ ಕೂತ ಗಂಡಸು ಎಂದು ಹನಿಯಾ ಅದಕ್ಕೂ ಬೈದಳು.

ತೌಫೀಕನ ಬಟ್ಟೆಯ ಪೆಟ್ಟಿಗೆ ಶವದ ಜೊತೆ ಬಂದಿರಲಿಲ್ಲ. ಐದನೆಯ ವಾರ ಅದರ ವಿಷಯವಾಗಿ ವಿಮಾನದವರು ಫೋನ್ ಮಾಡಿದರು. ಪೆಟ್ಟಿಗೆಯ ಚೀಟಿಯ ಸಂಖ್ಯೆ ಬೇಕಂತೆ. ಚೀಟಿ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಅಣ್ಣನ ಮೇಲ್‌ನಲ್ಲಿ ಇದ್ದೀತು ಎಂದು ಶೈಮಾ ಅವನ ಲ್ಯಾಪ್‌ಟಾಪ್ ತೆಗೆದಳು. ಶುಕ್ರವಾರ, ಕುಸ್ಕುಸ್ ಊಟ ಮುಗಿದು ಎಲ್ಲರೂ ಮೇಜಿನ ಸುತ್ತಲೇ ಇದ್ದರು. ಶೈಮಾ ಮೇಲ್‌ಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ತಾಯಿಯ ಮುಖ ನೋಡಿದಳು.

"ಯಿಮ್ಮಾ, ಇಲ್ಲಿ ಎರಡು ಟಿಕೆಟ್ ಇವೆ."

"ನನಗೆ ಅದೆಲ್ಲ ತಿಳಿಯಲ್ಲ."

"ತಿಳಿಯೋ ಹಾಗೆ ಹೇಳ್ತೀನಿ. ಮೊದಲನೇದು ಬೆಳಗ್ಗಿಂದು. ನಡುವೆ ಏಳು ಗಂಟೆ ಐದು ನಿಮಿಷ. ಕೂತು ಉಂಡು ಮಲಗಿ ಎದ್ದು ಹೋಗಬಹುದಿತ್ತು. ರದ್ದು ಮಾಡಿದ್ದು ಯಾವತ್ತು ಗೊತ್ತಾ? ಚಂದ್ರ ಕಾಣದ ದಿನ, ಸಂಜೆ."

"ಶೈಮಾ, ಮುಚ್ಚಿಡು," ಎಂದಳು ವಿಯಾಮ್.

"ಯಾಕೆ ಮುಚ್ಚಿಡಬೇಕು? ಐದು ವಾರದಿಂದ ನೋಡ್ತಿದ್ದೀನಿ. ನೀನು ಮಾತಾಡಲ್ಲ, ಬಾಬಾ ಮಾತಾಡಲ್ಲ. ಎರಡನೇದು ಮಧ್ಯಾಹ್ನದ್ದು. ಒಂದು ಗಂಟೆ ಐದು ನಿಮಿಷ. ಕೆಳಗೆ ಇನ್ನೂ ಏನೋ ಕೆಂಪಕ್ಷರದಲ್ಲಿ ಇದೆ..." ಫ್ರೆಂಚಿನಲ್ಲಿದ್ದದ್ದನ್ನು ಅವಳು ತಿಳಿದಂತೆ ಬಿಡಿಸಿ ಓದಿದಳು. "'ಎರಡು ವಿಮಾನಗಳ ನಡುವಿನ ಸಮಯ ಕಡಿಮೆ ಇದೆ. ಈ ಎಚ್ಚರಿಕೆಯನ್ನು ಓದಿ, ಮುಂದುವರಿಯಲು ತಾವು ಒಪ್ಪಿರುತ್ತೀರಿ.'"

ಓದಿದ ಮೇಲೆ ಏನು ಓದಿದೆ ಎಂದು ಅವಳಿಗೆ ಹೊಳೆಯಿತು. ಲ್ಯಾಪ್‌ಟಾಪನ್ನು ಅರ್ಧ ಮಡಚಿದಳು. ಆದರೆ ಹನಿಯಾ ಆಗಲೇ ಮುಂದಕ್ಕೆ ಬಾಗಿದ್ದಳು.

"ಒಪ್ಪಿದ್ದು ಯಾರು?"

ಅವಳು ವಿಯಾಮಳ ಕಡೆ ತಿರುಗಿದಳು.

"ನಿನ್ನನ್ನೇ ಕೇಳ್ತಿರೋದು, ಓದಿದವಳೇ. ಆ ಕೆಂಪಕ್ಷರ ನೋಡಿದೆಯಾ?"

"ನೋಡಿದೆ."

"ತಿಳೀತಾ?"

"ತಿಳೀತು, ಲಲ್ಲಾ."

"ತಿಳಿದೂ ಒತ್ತಿದೆಯಾ?"

"ಒತ್ತಿದೆ."

"ಕೇಳಿದಿರಾ ಹಾಜ್? ಕೇಳಿದಿರಾ?" ಹನಿಯಾ ಎರಡೂ ಕೈಯಿಂದ ತೊಡೆ ಬಡಿದುಕೊಂಡಳು. "ನನಗೆ ಅಕ್ಷರ ಬರಲ್ಲ. ನಾನು ಏನು ಬೇಕಾದ್ರೂ ಕೇಳ್ತೀನಿ. ಚಂದ್ರನ್ನ ತಂದುಕೊಡು ಅಂತೀನಿ. ಓದೋಕೆ ಬಂದವಳು ನೀನು! ಲಲ್ಲಾ ಇದು ಆಗಲ್ಲ ಅನ್ನೋಕೆ ನಿನಗೆ ನಾಲಿಗೆ ಇರಲಿಲ್ಲವಾ?"

ಆಗಲ್ಲ ಎಂದಿದ್ದರೆ ಎರಡು ದಿನ ಅನ್ನ ನೀರು ಬಿಡುತ್ತಿದ್ದಿರಿ ಎನ್ನಬಹುದಿತ್ತು. ಹಬ್ಬದ ದಿನ ಮುಖ ಗೋಡೆಗೆ ಹಾಕಿ ಮಲಗುತ್ತಿದ್ದಿರಿ, ನಿಮ್ಮ ಮಗ ನನಗೆ 'ಒಂದು ದಿನಕ್ಕೆ ಯಾಕೆ ಜಗಳ, ಒತ್ತಿಬಿಡು' ಎಂದ ಎನ್ನಬಹುದಿತ್ತು. ಎಲ್ಲವೂ ನಿಜ. ಆದರೆ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ವಿಯಾಮ್ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಎದ್ದಳು.

ಅಡಿಗೆಮನೆಗೆ ಶೈಮಾ ಅಳುತ್ತಾ ಬಂದಳು. "ನಿನಗೆ ಒಳ್ಳೆಯದಾಗಲಿ ಅಂತ ಓದಿದೆ ಕಣೇ."

"ಗೊತ್ತು. ಆ ಬಾಣಲೆ ಕೊಡು."

"ಏನಾದ್ರೂ ಅನ್ನು ನನಗೆ."

"ಸಂಖ್ಯೆ ಸಿಕ್ತಾ?"

"ಯಾವ ಸಂಖ್ಯೆ?"

"ಪೆಟ್ಟಿಗೆದು."

ನಲವತ್ತನೆಯ ದಿನ ಕುರಾನ್ ಓದುವವರು ಬಂದರು. ಕುಸ್ಕುಸ್ಸಿನ ಹಬೆ, ಕುರಿ ಮಾಂಸ, ಕುಂಬಳ. ಹನಿಯಾ ಅಕ್ಕಪಕ್ಕದ ಹೆಂಗಸರನ್ನು ಕರೆದು ಅಡಿಗೆ ಮಾಡಿಸಿದಳು. ವಿಯಾಮಳಿಗೆ ಪಾತ್ರೆ ತೊಳೆಯುವ ಕೆಲಸ ಬಿಟ್ಟಳು. ಬೇಯುವ ಮೊದಲು ಅವಳ ಕೈ ತಾಗಬಾರದು, ಉಂಡ ಮೇಲೆ ತಾಗಿದರೆ ಅಡ್ಡಿಯಿಲ್ಲ. ಅವಳು ಅಂಗಳದ ನಲ್ಲಿಯ ಬಳಿ ಕೂತು ಎಲ್ಲವನ್ನೂ ತೊಳೆದಳು. ತೋಳು ನೋಯುತ್ತಿತ್ತು. ಬೇರೇನೂ ನೋಯುತ್ತಿರಲಿಲ್ಲ.

ಪೆಟ್ಟಿಗೆ ಆಮೇಲೆ ನಾಲ್ಕು ದಿನಕ್ಕೆ ಫೆಸ್‌ಗೆ ಬಂತು. ಹಾಜ್ ಮತ್ತು ಶೈಮಾ ಟ್ಯಾಕ್ಸಿಯಲ್ಲಿ ಹೋಗಿ ತಂದರು. ಹಾಜ್ ಅದನ್ನು ಹಜಾರದ ನಡುವೆ ನಿಲ್ಲಿಸಿ, ಹಿಡಿಕೆಗೆ ಅಂಟಿಸಿದ್ದ ಚೀಟಿಗಳನ್ನು ಬೆರಳಿನಿಂದ ತೋರಿಸಿದರು.

"ಇದು ಕೆನಡಾಕ್ಕೆ ಹೋಗಿತ್ತಂತೆ. ಅದೇ ವಿಮಾನದಲ್ಲಿ. ಇಷ್ಟು ದಿನ ಅಲ್ಲೇ ಒಂದು ಕೋಣೆಯಲ್ಲಿತ್ತು."

"ಅಂದ್ರೆ?" ಎಂದಳು ಹನಿಯಾ.

"ಅಂದ್ರೆ ಇದಕ್ಕೆ ಗಾಡಿ ಸಿಕ್ಕಿತ್ತು."

ಬೀಗ ಮುರಿದಿದ್ದರು. ಒಳಗೆ ಪರೀಕ್ಷಿಸಿ ನೋಡಿದ್ದಕ್ಕೆ ಒಂದು ಮುದ್ರಿತ ಕಾಗದ ಹಾಕಿದ್ದರು. ವಿಯಾಮ್ ಮಡಿಸಿಟ್ಟಿದ್ದ ಅಂಗಿಗಳು ಬೇರೆ ಯಾರೋ ಮಡಿಸಿದಂತೆ ಇದ್ದವು. ಎಲ್ಲದರ ಮೇಲೆ ಬಿಸ್ಕತ್ತಿನ ಹಳೆಯ ಡಬ್ಬಿ. ಹನಿಯಾ ಅದನ್ನು ಮೊದಲು ಎತ್ತಿಕೊಂಡಳು. ಮುಚ್ಚಳ ಬಿಗಿಯಾಗಿತ್ತು, ಉಗುರು ಹಾಕಿ ತೆಗೆದಳು. ಬಾದಾಮಿ ತುಂಬಿದ ಸಿಹಿ ಕಡುಬುಗಳು ಸಾಲಾಗಿ ಇಟ್ಟದ್ದು ಇಟ್ಟ ಹಾಗೇ ಇದ್ದವು. ಹಾಳಾಗಿರಲಿಲ್ಲ, ಕಲ್ಲಾಗಿದ್ದವು.

"ಇವನ್ನ ಹಬ್ಬದ ಬೆಳಗ್ಗೆ ಮಾಡಿದ್ದು," ಎಂದಳು. "ಬಿಸಿ ಇದ್ದಾಗಲೇ ತುಂಬಿದೆ. ನಸುಕಿಗೇ ಹೋಗಿದ್ದರೆ ಇವು ಅವನಿಗೆ ಸಿಗ್ತಿರಲಿಲ್ಲ."

ಹನಿಯಾ ಒಂದನ್ನು ಎತ್ತಿ ಕಚ್ಚಿದಳು. ಹಲ್ಲಿಗೆ ಜಗ್ಗಲಿಲ್ಲ. ಬಾಯಿಂದ ತೆಗೆದು ನೋಡಿ, ಮತ್ತೆ ಡಬ್ಬಿಯಲ್ಲೇ ಇಟ್ಟಳು. ಆಮೇಲೆ ವಿಯಾಮಳ ಕಡೆ ತಿರುಗಿದಳು. ಮುಖದಲ್ಲಿ ಪಶ್ಚಾತ್ತಾಪ ಇರಲಿಲ್ಲ, ಸಿಟ್ಟೇ ಇತ್ತು.

"ಏನು ನೋಡ್ತೀಯ? ಹೌದು, ಟಿಕೆಟ್ ಬದಲಿಸು ಅಂದವಳು ನಾನೇ. ಹಬ್ಬದ ಊಟ ಮಾಡಿ ಹೋಗಲಿ ಅಂದವಳು ನಾನೇ. ಐದಾರು ವಾರದಿಂದ ನನ್ನ ಬಾಯಿ ನೋಡ್ತಾ ಕೂತಿದ್ದೀಯ, ಇದು ಬೀಳಲಿ ಅಂತ. ಬಿತ್ತಲ್ಲ? ತಗೋ. ಹೊಟ್ಟೆ ತುಂಬಿತಾ?"

"ಹನಿಯಾ, ಸಾಕು," ಎಂದರು ಹಾಜ್.

"ಸಾಕಾ? ನೀವು ಹೇಳಿ ಹಾಜ್, ಸಾಕಾ? ಅವಳಿಗೆ ಸಾಕಾ ಕೇಳಿ."

ವಿಯಾಮ್ ತನ್ನೊಳಗೆ ಹುಡುಕಿದಳು. ಈ ಮಾತು ಬಂದ ದಿನ ಏನೋ ಇಳಿಯುತ್ತದೆ ಎಂದುಕೊಂಡಿದ್ದಳು. ಮಾತು ಬಂತು. ಹಜಾರ ಇದ್ದಂತೆಯೇ ಇತ್ತು. ಪೆಟ್ಟಿಗೆ ತೆರೆದಿತ್ತು. ಎದುರು ಕೂತ ಮುದುಕಿಯ ತುಟಿಯ ಮೇಲೆ ಸಕ್ಕರೆ ಪುಡಿ ಅಂಟಿತ್ತು.

"ಏನೂ ಆಗಲಿಲ್ಲ, ಲಲ್ಲಾ," ಎಂದಳು. ಅವಳಿಗೂ ಅದು ಆಶ್ಚರ್ಯವಾಗಿತ್ತು.

ಹನಿಯಾ ಅವಳನ್ನೇ ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡು, ಅಳುವವಳಂತೆ ಅಲ್ಲ, ಚಳಿಯಾದವಳಂತೆ ಹಿಂದೆ ಮುಂದೆ ತೂಗತೊಡಗಿದಳು. ಅಂಗಿಗಳನ್ನು ತೆಗೆದು ಬೇರೆ ಇಡುವ ಕೆಲಸ ವಿಯಾಮಳೇ ಮಾಡಿದಳು. ತಳದಲ್ಲಿ ಒಂದು ಕಪ್ಪು ಉಣ್ಣೆಯ ಕೋಟು ಇತ್ತು. ದಪ್ಪ, ಹಳೆಯ ಕಾಲದ್ದು.

"ಇದು ಯಾರದ್ದು?" ಎಂದಳು ಶೈಮಾ. "ಅಣ್ಣಂದಲ್ಲ."

"ಖಾಲಾ ಬತೂಲ್ ಅವರ ಗಂಡಂದು. ಅಲ್ಲಿ ಇನ್ನೂ ಹಿಮ ಇರುತ್ತೆ ಅಂತ ಎರವಲು ತಂದಿದ್ದ. ಮೊದಲ ಸಂಬಳದಲ್ಲಿ ಹೊಸದು ತಗೊಂಡು, ಇದನ್ನ ಯಾರ ಕೈಯಲ್ಲಾದ್ರೂ ಕಳಿಸ್ತೀನಿ ಅಂದಿದ್ದ."

"ಕೊಡು, ನಾನು ಕೊಟ್ಟು ಬರ್ತೀನಿ. ನೀನು ಬಿಳಿ ಬಟ್ಟೆಯಲ್ಲಿ ಬೀದಿಗೆ..."

"ಹಗಲು ಇದೆಯಲ್ಲ. ನಾನೇ ಹೋಗ್ತೀನಿ."

ಹನಿಯಾ ಬೇಡ ಎನ್ನಲಿಲ್ಲ. ತೂಗುತ್ತಲೇ ಇದ್ದಳು.

ಬತೂಲ್ ಮನೆ ಮಸೀದಿಯ ಹಿಂದೆ. ಗಂಡ ಬೆಲ್ಜಿಯಂನ ಗಣಿಯಲ್ಲಿ ದುಡಿದವನು, ತೀರಿಕೊಂಡು ಹದಿನಾರು ವರ್ಷವಾಗಿತ್ತು. ಎಪ್ಪತ್ತು ದಾಟಿದ ಬತೂಲ್ ಬಾಗಿಲು ತೆಗೆದು, ಬಿಳಿ ಬಟ್ಟೆಯನ್ನು ನೋಡಿ, ತೋಳಿನ ಮೇಲಿದ್ದ ಕೋಟನ್ನು ನೋಡಿ ಪಕ್ಕಕ್ಕೆ ಸರಿದಳು.

"ಇದನ್ನ ಯಾಕೆ ತಂದೆ ಮಗಳೇ? ನಾನು ಕೇಳಿದ್ದೆನಾ?"

"ಎರವಲು ತಂದಿದ್ದಲ್ಲವಾ, ಖಾಲಾ."

"ಅಲ್ಲಿ ಚಳಿ ಇತ್ತಂತಾ?"

"ಗೊತ್ತಿಲ್ಲ. ಹಾಕ್ಕೊಳ್ಳಲೇ ಇಲ್ಲ. ಪೆಟ್ಟಿಗೆಯಲ್ಲಿತ್ತು."

ಬತೂಲ್ ಕೋಟನ್ನು ಮೂಗಿನ ಹತ್ತಿರ ಹಿಡಿದಳು. "ಹೌದು. ನಾನು ಹಾಕಿಟ್ಟ ನುಸಿಗುಳಿಗೆ ವಾಸನೆ ಹಾಗೇ ಇದೆ. ಒಗೆಯೋದು ಬೇಡ ಬಿಡು." ಒಳಕೋಣೆಗೆ ಹೋಗಿ ಬೀರು ತೆಗೆದಳು. ಮರದ ತೂಗುಗೋಲು ಖಾಲಿಯಾಗಿ ನೇತಾಡುತ್ತಿತ್ತು. ಕೋಟನ್ನು ಅದಕ್ಕೆ ತೊಡಿಸಿ, ಗುಂಡಿ ಹಾಕಲು ಹೋಗಿ ಕೈಬಿಟ್ಟಳು. ಬೆರಳುಗಳು ಗಂಟುಗಂಟಾಗಿ ಸೊಟ್ಟಗಿದ್ದವು.

"ಇದೊಂದು ಹಾಕಿಕೊಡು. ಗುಂಡಿ ಹಾಕದಿದ್ದರೆ ಭುಜ ಜಾರುತ್ತೆ. ನನ್ನ ಕೈಲಿ ಈಗ ಆಗಲ್ಲ."

ವಿಯಾಮ್ ಬೀರುವಿನ ಮುಂದೆ ನಿಂತಳು. ಕೆಳಗಿನ ಗುಂಡಿಯಿಂದ ಶುರು ಮಾಡಿದಳು. ಉಣ್ಣೆ ದಪ್ಪ, ತೂತು ಬಿಗಿ. ಒಂದೊಂದನ್ನೂ ಹೆಬ್ಬೆರಳಿನಿಂದ ತಳ್ಳಬೇಕಾಗಿತ್ತು. ಹೊಟ್ಟೆಯ ಮೇಲೊಂದು, ಎದೆಯ ಮೇಲೊಂದು, ಅದರ ಮೇಲೆ ಇನ್ನೊಂದು. ಕೊನೆಯದು ಕೊರಳಿನದು. ಅದನ್ನೂ ಹಾಕಿ, ಹೊರಟು ನಿಂತವನಿಗೆ ಮಾಡುವಂತೆ ಕಾಲರನ್ನು ಎರಡೂ ಕಡೆ ಎಳೆದು ಸರಿ ಮಾಡಿದಳು. ಕೈ ಅಲ್ಲೇ ನಿಂತಿತು.

"ಆಯ್ತಾ?" ಎಂದಳು ಬತೂಲ್.

"ಆಯ್ತು, ಖಾಲಾ."